ಬೇಡಕಿಹಾಳದ ಲಗಮವ್ವ ಪುಣೆಗೆ ಸಂದರ್ಶನಕ್ಕೆ ಹೋದದ್ದು

ಬೇಡಕಿಹಾಳದ ಧರೆಪ್ಪ ಖೋತನ ಮಗಳು ಲಗಮವ್ವ ಡಾಕ್ಟರ್ ಆಗುತ್ತಾಳಂತೆ ಎಂಬ ಸುದ್ದಿ ಹಬ್ಬಿದಾಗ ಎಲ್ಲರಿಗಿಂತ ಮೊದಲು ಸಂತೋಷಪಟ್ಟವಳು ಪಕ್ಕದ ಹೊಲದ ಕಾಳವ್ವ. ಮೊಣಕಾಲು ನೋವಿಗೆಂದು ಇನ್ನು ಚಿಕ್ಕೋಡಿಗೆ ಹೋಗಬೇಕಾಗಿಲ್ಲ ಎಂದುಕೊಂಡು ಆಕೆ ಧರೆಪ್ಪನ ಕಟ್ಟೆಯ ಮೇಲೆ ಸೀರೆ ಸರಿಸಿ ಕುಳಿತೇಬಿಟ್ಟಳು.

"ಇದು ಆ ಡಾಕ್ಟರ್ ಅಲ್ಲ, ಕಾಳತ್ತಿ. ಓದೂ ಡಾಕ್ಟರ್," ಎಂದಳು ಲಗಮವ್ವ.

"ಇಂಜೆಕ್ಷನ್?"

"ಇಲ್ಲ."

"ಗುಳಿಗಿ?"

"ಅದೂ ಇಲ್ಲ."

"ಮತ್ತ ಯಾತರ ಡಾಕ್ಟರ್ ಬೇ ನೀ?" ಎಂದು ಕಾಳವ್ವ ಸೀರೆ ಇಳಿಸಿಕೊಂಡು ಎದ್ದು ಹೋದಳು.

ಯಾತರ ಡಾಕ್ಟರ್ ಎಂಬುದು ಲಗಮವ್ವನಿಗೂ ಸ್ಪಷ್ಟವಾಗಿದ್ದು ಮೂರನೆಯ ಸಲ ಅರ್ಜಿ ಹಾಕುವಾಗಲೇ. ಅಜ್ಜಿಯ ಹೆಸರನ್ನು ಹೊತ್ತು, ನಿಪ್ಪಾಣಿಯಲ್ಲಿ ಬಿ.ಕಾಂ., ಕೊಲ್ಹಾಪುರದಲ್ಲಿ ಎಂ.ಕಾಂ. ಮುಗಿಸಿ, ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿಯಾಗಿದ್ದವಳು ಆಕೆ. ಪುಣೆಯ ಒಂದು ಸಂಸ್ಥೆ ವ್ಯವಹಾರ ನಿರ್ವಹಣೆಯಲ್ಲಿ ಪಿಎಚ್.ಡಿ. ಮಾಡುವವರಿಗೆ ವರ್ಷಕ್ಕೊಮ್ಮೆ ಫೆಲೋಶಿಪ್ ಕೊಡುತ್ತಿತ್ತು. ಮೊದಲ ವರ್ಷ ಆಕೆ ಸಾಬೂನಿನ ಜಾಹೀರಾತಿನ ಬಗ್ಗೆ ಸಂಶೋಧಿಸುವುದಾಗಿ ಬರೆದಳು. ಮನೆಯಲ್ಲಿ ಟಿ.ವಿ. ಇರಲಿಲ್ಲ. ಆ ಅರ್ಜಿ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಯಿತು. ಎರಡನೆಯ ವರ್ಷ ಜಪಾನಿನ ಕಾರ್ಖಾನೆಗಳ ಶಿಸ್ತಿನ ಬಗ್ಗೆ ಬರೆದಳು. ಅದು ಇನ್ನೂ ಬೇಗ ಹೋಯಿತು. ಸಾವಿರದ ಒಂಬೈನೂರ ತೊಂಬತ್ತೆರಡರಲ್ಲಿ ಕೊನೆಯ ಅವಕಾಶ. ಮೂವತ್ತು ದಾಟಿದವರು ಅರ್ಜಿ ಹಾಕುವಂತಿರಲಿಲ್ಲ, ಮಳೆಗಾಲಕ್ಕೆ ಆಕೆಗೆ ಮೂವತ್ತು ತುಂಬುತ್ತಿತ್ತು. ಈ ಸಲವೂ ತಪ್ಪಿದರೆ ಅಥಣಿಯಲ್ಲಿ ಒಬ್ಬ ವರ ಕಾಯುತ್ತಿದ್ದಾನೆ ಎಂದು ತಾಯಿ ರುಕ್ಮವ್ವ ದಿನಾ ರೊಟ್ಟಿ ಬಡಿಯುತ್ತ ನೆನಪಿಸುತ್ತಿದ್ದಳು. ವರ ಕಾಯುತ್ತಿದ್ದನೋ, ಅವನ ತಾಯಿ ಕಾಯಿಸುತ್ತಿದ್ದಳೋ, ಅಂತೂ ಒಬ್ಬನಿದ್ದ.

ಆಗ ಲಗಮವ್ವ ತನಗೆ ನಿಜವಾಗಿ ಗೊತ್ತಿದ್ದದ್ದನ್ನು ಬರೆದಳು. ಆಕೆ ಕಾಲೇಜಿನಲ್ಲಿ ಓದುತ್ತಿದ್ದಾಗ ಧರೆಪ್ಪ ಸಹಕಾರಿ ಸಕ್ಕರೆ ಕಾರ್ಖಾನೆಯ ಚುನಾವಣೆಯಲ್ಲಿ ಎದುರು ಪ್ಯಾನೆಲ್ಲಿನವರ ಸಭೆಗೆ ಹೋಗಿ ಬರೀ ಒಂದು ಕಪ್ ಚಹಾ ಕುಡಿದು ಬಂದಿದ್ದ. ಆ ಹಂಗಾಮಿನಲ್ಲಿ ಕಾರ್ಖಾನೆ ಕಳಿಸುವ ಕಬ್ಬು ಕಡಿಯುವವರ ಟೋಳಿ ಎಡಕ್ಕೂ ಬಲಕ್ಕೂ ಬಂದು ಹೋಯಿತು, ಧರೆಪ್ಪನ ಹೊಲಕ್ಕೆ ಮಾತ್ರ ಬರಲಿಲ್ಲ. ಕಬ್ಬು ಹೂವಿನ ಬಿಳಿ ತುರಾಯಿ ಬಿಟ್ಟು, ಒಳಗೆ ಬೆಂಡಾಗಿ, ಬೇಸಿಗೆಯ ಗಾಳಿಗೆ ಹೊಲವೆಲ್ಲ ಗೊರಗೊರ ಎನ್ನುತ್ತಿದ್ದುದನ್ನು ಆಕೆ ನೋಡಿದ್ದಳು. ನಾಟಿಯ ತಾರೀಖಿನ ಪ್ರಕಾರ ಕಟಾವಿಗೆ ಎಲ್ಲರಿಗೂ ಒಂದು ಪಾಳಿ, ಒಂದು ಸರದಿ ಇರುತ್ತದೆ. ಆ ಪಾಳಿಯನ್ನು ಯಾರು, ಯಾವಾಗ, ಯಾಕೆ ಮುರಿಯುತ್ತಾರೆ? ಇದೇ ತನ್ನ ಪಿಎಚ್.ಡಿ. ಎಂದು ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯ ಮಾತುಗಳಲ್ಲಿ ಟೈಪ್ ಮಾಡಿಸಿ ರಜಿಸ್ಟರ್ ಅಂಚೆಗೆ ಹಾಕಿದಳು. ಮನೆಯಲ್ಲಿ ಯಾರಿಗೂ ಸಂಶೋಧನೆಯ ವಿಷಯ ಏನೆಂದು ಹೇಳಲಿಲ್ಲ. ಈ ವರ್ಷದ ಕಬ್ಬು ಇನ್ನೂ ಹೊಲದಲ್ಲೇ ನಿಂತಿತ್ತು.

ಆ ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಹೇಳಿದರೆ ಯಾರದೋ ಕಬ್ಬು ಹೊಲದಲ್ಲೇ ಉಳಿದೀತು.

ಕಾರ್ಖಾನೆಯ ಚೇರಮನ್ನರು ತಾತ್ಯಾಸಾಹೇಬರು. ಬಿಳಿ ಟೊಪ್ಪಿಗೆ, ಬಿಳಿ ಮೀಸೆ, ಬಿಳಿ ಜೀಪು. ನಿಪ್ಪಾಣಿಯಿಂದ ರಾಯಬಾಗದವರೆಗೆ ಮದುವೆ, ಮುಂಜಿ, ಜಗಳ, ವರ್ಗಾವಣೆ ಯಾವುದೂ ಅವರ ಒಂದು ಮಾತಿಲ್ಲದೆ ಆಗುತ್ತಿರಲಿಲ್ಲ. ಆದರೂ ಆಗಿಬಿಟ್ಟರೆ ಅದು ತಮ್ಮ ಮಾತಿನಿಂದಲೇ ಆಯಿತು ಎಂದು ಅವರು ನಂಬುತ್ತಿದ್ದರು. ಪುಣೆಯಿಂದ ಸಂದರ್ಶನಕ್ಕೆ ಕರೆ ಬಂದ ಸುದ್ದಿ ಲಗಮವ್ವನ ಮನೆ ಮುಟ್ಟಿದ ದಿನವೇ ಅವರಿಗೂ ಮುಟ್ಟಿತು. ಮರುದಿನ ಬಿಳಿ ಜೀಪು ಧರೆಪ್ಪನ ಅಂಗಳದಲ್ಲಿ ನಿಂತಿತ್ತು.

"ಏನೋ ಧರೆಪ್ಪ, ಮಗಳು ಪುಣೆಕ್ಕ ಹೊಂಟಾಳಂತ. ನನಗ ಒಂದ್ ಮಾತು ಹೇಳಬಾರದೇನ?"

"ಹೇಳಾಕ ಬರೂದ ಇತ್ರಿ ಸಾಹೇಬ್ರ," ಎಂದ ಧರೆಪ್ಪ. ಆ ಹಳೆಯ ಒಂದು ಕಪ್ ಚಹಾದ ನಂತರ ಅವನು ತಾತ್ಯಾಸಾಹೇಬರ ಎದುರು ಕೂತು ಮಾತಾಡಿದ್ದೇ ಇಲ್ಲ.

"ಯಾರನ್ನ ಕರಕೊಂಡು ಹೊಂಟೀರಿ?"

"ಯಾರನ್ನೂ ಇಲ್ರಿ, ತಾತ್ಯಾ. ಒಬ್ಬಾಕೀನ ಎಸ್.ಟಿ. ಬಸ್ಸಿಗೆ ಹೋಗಿ ಬರ್ತೀನಿ," ಎಂದು ಲಗಮವ್ವ ಬಾಗಿಲಿಂದ ಹೇಳಿದಳು.

ತಾತ್ಯಾಸಾಹೇಬರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. ಹತ್ತು ಜನ ಕೂತು ಹುಡುಗಿಯನ್ನು ಪ್ರಶ್ನೆ ಕೇಳುತ್ತಾರೆ, ಮೆಚ್ಚಿದರೆ ಒಪ್ಪಿಕೊಳ್ಳುತ್ತಾರೆ, ಮೂರು ವರ್ಷ ಅವರೇ ಖರ್ಚು ನೋಡಿಕೊಳ್ಳುತ್ತಾರೆ. ಇಂಥ ಕಾರ್ಯಕ್ಕೆ ಹುಡುಗಿ ಕಡೆಯ ಹಿರಿಯರಿಲ್ಲದೆ ಹೋಗುವುದೆಂದರೇನು?

"ಕನ್ಯಾ ನೋಡೂ ಕಡೆ ಹುಡುಗೀನ ಒಬ್ಬಾಕೀನ ಕಳಸ್ತಾರೇನ ಧರೆಪ್ಪ? ನಾ ಬರ್ತೀನಿ. ಜೀಪ್ ಐತಿ. ಮಾತಾಡೂದು ನನಗ ಬಿಡು."

ರುಕ್ಮವ್ವ ಒಳಗೆ ಕೈಮುಗಿದಳು. ಧರೆಪ್ಪನ ಕಣ್ಣು ತುಂಬಿತು. ಯಾರ ಕೈಯಿಂದ ಪಾಳಿ ಮುರಿಯುತ್ತದೆಂದು ಹುಡುಕಲು ಲಗಮವ್ವ ಹೊರಟಿದ್ದಳೋ ಆ ಕೈಯೇ ಆಕೆಯ ತಲೆಯ ಮೇಲೆ ಬಂದು ಕುಳಿತಿತ್ತು. ಬೇಡವೆಂದರೆ ಈ ವರ್ಷದ ಕಬ್ಬು ನಿಲ್ಲುತ್ತದೆ. ಹೂಂ ಎಂದರೆ ವಿಷಯ ಬಯಲಾಗುತ್ತದೆ, ಆಗಲೂ ಕಬ್ಬು ನಿಲ್ಲುತ್ತದೆ, ಕಾರ್ಖಾನೆಯ ಬಾಗಿಲು ಮುಚ್ಚುತ್ತದೆ, ಪಿಎಚ್.ಡಿ. ಹುಟ್ಟುವ ಮೊದಲೇ ತೀರಿಹೋಗುತ್ತದೆ.

ದಂಡಯಾತ್ರೆ ಹೊರಟಿತು. ಮುಂದೆ ಸಾರಥಿ ಹಾಲಸಿದ್ದ, ಅವನ ಪಕ್ಕ ತಾತ್ಯಾಸಾಹೇಬರು. ಹಿಂದೆ ಲಗಮವ್ವ, ಧರೆಪ್ಪ, ಕಾಗವಾಡದ ಕಡೆಯಿಂದ ತರಿಸಿದ ಒಂದು ಬುಟ್ಟಿ ದ್ರಾಕ್ಷಿ ಮತ್ತು ಕಾರ್ಖಾನೆಯ ಹೊಸ ಸಕ್ಕರೆಯ ಒಂದು ಗಂಟು. ರುಕ್ಮವ್ವ ಕಟ್ಟಿಕೊಟ್ಟ ಹಸಿರು ರೇಷ್ಮೆ ಸೀರೆಯನ್ನು ಲಗಮವ್ವ ಹಟ ಮಾಡಿ ಬಿಟ್ಟು ಬಂದಿದ್ದಳು. ನಿಪ್ಪಾಣಿ ದಾಟಿ ಹೆದ್ದಾರಿ ಹಿಡಿದ ಮೇಲೆ ತಾತ್ಯಾಸಾಹೇಬರು ಹಿಂದೆ ತಿರುಗಿದರು.

"ವಿಷಯ ಏನ್ ಇಟ್ಟೀಯವಾ, ತಂಗಿ?"

"ಸಹಕಾರಿ ಕಾರ್ಖಾನಿ ಹೆಂಗ ನಡೀತಾವ ಅಂತ್ರಿ, ತಾತ್ಯಾ."

"ಹೆಂಗ ನಡೀತಾವ ಅಂದ್ರ? ನಾ ನಡಸ್ತೀನಿ, ನಡೀತಾವ."

"ಹೌದ್ರಿ. ಅದನ್ನ ಬರ್ಯಾಕಿ ನಾ."

ಇದಕ್ಕಿಂತ ನಿಜವಾದ ಉತ್ತರ ಇರಲಿಲ್ಲ. ತಾತ್ಯಾಸಾಹೇಬರು ತೃಪ್ತಿಯಿಂದ ಮುಂದೆ ತಿರುಗಿದರು. ಕರಾಡ, ಸಾತಾರಾ ಎಂದು ಊರುಗಳು ಹಿಂದೆ ಹೋಗುತ್ತಿದ್ದವು. ಪ್ರತಿ ಊರಿನಲ್ಲೂ ಅವರು, ಅಲ್ಲಿ ಯಾರಿಗೆ ಹೇಳಿ ಯಾರ ಕೆಲಸ ಮಾಡಿಸಿದ್ದೆ ಎಂದು ಒಂದು ವಿಜಯಗಾಥೆ ಹೇಳಿದರು. ಲಗಮವ್ವ ಪ್ರತಿ ಗಾಥೆಗೂ ಹೂಂ ಎಂದಳು. ಘಾಟಿನ ತಿರುವಿನಲ್ಲಿ ಧರೆಪ್ಪ ವಾಂತಿ ಮಾಡಿಕೊಂಡ. ಹಾಲಸಿದ್ದ ಜೀಪು ನಿಲ್ಲಿಸಿ, ಕನ್ನಡಿಯಲ್ಲಿ ಲಗಮವ್ವನ ಮುಖ ನೋಡಿ, "ಅಕ್ಕಾರ, ನೀವೂ ಇಳೀರಿ, ನಿಮ್ಮ ಮಾರಿ ಅವರಿಗಿಂತ ಬೆಳ್ಳಗಾಗೇತಿ," ಎಂದ.

ಸಂಸ್ಥೆಯ ಕಟ್ಟಡದಲ್ಲಿ ಉಳಿದ ಅಭ್ಯರ್ಥಿಗಳು ಒಬ್ಬೊಬ್ಬರೇ, ಒಂದೊಂದು ಫೈಲು ಹಿಡಿದು ಕೂತಿದ್ದರು. ಬೇಡಕಿಹಾಳದ ಪಕ್ಷ ದ್ರಾಕ್ಷಿ ಬುಟ್ಟಿಯ ಸಮೇತ ಬಂದು ಒಂದು ಇಡೀ ಬೆಂಚನ್ನು ವಶಪಡಿಸಿಕೊಂಡಿತು. ಲಗಮವ್ವನ ಹೆಸರು ಕೂಗಿದಾಗ ತಾತ್ಯಾಸಾಹೇಬರೂ ಎದ್ದರು. ಶಿಪಾಯಿ ಅಡ್ಡ ಬಂದ. "ಆಮಚೀ ಮುಲಗೀ ಆಹೆ," ನಮ್ಮ ಹುಡುಗಿ, ಎಂದು ಅವರು ಮರಾಠಿಯಲ್ಲಿ ವಾದಿಸುತ್ತಿದ್ದಂತೆ ಆಕೆ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

ಒಳಗೆ ಮೂವರಿದ್ದರು. ನಡುವೆ ಕೂತಿದ್ದ ಬಿಳಿಕೂದಲಿನ ಪ್ರಾಧ್ಯಾಪಕಿಯೇ ಮುಖ್ಯಸ್ಥೆ. ಇಂಗ್ಲಿಷಿನಲ್ಲಿ ಪ್ರಶ್ನೆಗಳು ಬಂದವು, ಇಂಗ್ಲಿಷಿನಲ್ಲಿ ಉತ್ತರಗಳು ಹೋದವು. ಮೊದಮೊದಲು ನಡುಗುತ್ತಿದ್ದ ಲಗಮವ್ವನ ದನಿ, ಟೋಳಿಗಳ ಮಾತು ಬಂದ ಮೇಲೆ ನೆಟ್ಟಗಾಯಿತು. ಎಡಗಡೆಯ ಪ್ರಾಧ್ಯಾಪಕರು ಟಿಪ್ಪಣಿ ಬರೆಯುವುದನ್ನು ಬಿಟ್ಟು ಕೇಳತೊಡಗಿದರು. ಎಲ್ಲ ಚೆನ್ನಾಗಿ ನಡೆದಿತ್ತು. ಆಗ ಮುಖ್ಯಸ್ಥೆ ಕನ್ನಡಕ ತೆಗೆದು ಕೇಳಿದರು: "ವಿಷಯ ಒಳ್ಳೆಯದು. ಆದರೆ ಯಾವ ಕಾರ್ಖಾನೆ ತನ್ನ ಕಟಾವಿನ ದಾಖಲೆಗಳನ್ನು ನಿಮಗೆ ತೋರಿಸುತ್ತದೆ? ಅನುಮತಿ ಇಲ್ಲದೆ ಇದನ್ನು ಒಪ್ಪಿಕೊಳ್ಳಲು ನಮಗಾಗುವುದಿಲ್ಲ."

ಅಷ್ಟರಲ್ಲಿ ಹೊರಗಿನ ದನಿ ಬಾಗಿಲು ಸೀಳಿಕೊಂಡು ಬಂತು. ತಾವು ಯಾವ ಕಾರ್ಖಾನೆಯ ಚೇರಮನ್ನರೆಂಬುದನ್ನು ತಾತ್ಯಾಸಾಹೇಬರು ಶಿಪಾಯಿಗೆ ತಿಳಿಸಿ ಹೇಳುತ್ತಿದ್ದರು.

"ಯಾರವರು?"

"ನಾನು ಅಧ್ಯಯನ ಮಾಡಬೇಕೆಂದಿರುವ ಕಾರ್ಖಾನೆಯ ಅಧ್ಯಕ್ಷರು."

"ನಿಮ್ಮ ಜೊತೆ ಬಂದಿದ್ದಾರೆಯೇ?" ಎಂದು ಮುಖ್ಯಸ್ಥೆ ಹುಬ್ಬೇರಿಸಿದರು. "ಒಳಗೆ ಕರೆಯಿರಿ."

ತಾತ್ಯಾಸಾಹೇಬರು ಬಂದರು. ಕೈಯಲ್ಲಿ ಸಕ್ಕರೆಯ ಗಂಟು. ಬೇಡಕಿಹಾಳದ ಸೀಮೆಯಲ್ಲಿ ಸಂಬಂಧ ಗೊತ್ತುಮಾಡುವಾಗ ಹುಡುಗಿ ಕಡೆಯ ಹಿರಿಯ ಎರಡೂ ಕಡೆಯವರ ಕೈಗೆ ಸಕ್ಕರೆ ಹಾಕುತ್ತಾನೆ, ತಾನೂ ಬಾಯಿಗೆ ಹಾಕಿಕೊಳ್ಳುತ್ತಾನೆ. ಆಮೇಲೆ ಮಾತು ತಿರುಗಿಸಿದವನ ಮನೆಯಲ್ಲಿ ನೀರು ಕುಡಿಯುವವರೂ ಇರುವುದಿಲ್ಲ. ಯಾರೂ ತಡೆಯುವ ಮೊದಲೇ ಅವರು ಮೂವರು ಪ್ರಾಧ್ಯಾಪಕರ ಅಂಗೈಗೂ ಒಂದೊಂದು ಚಿಟಿಕೆ ಹಾಕಿ, ತಾವೂ ಬಾಯಿಗೆ ಹಾಕಿಕೊಂಡು, ಮರಾಠಿಯಲ್ಲಿ ಘೋಷಿಸಿದರು: ಹುಡುಗಿ ಮನೆಯ ಮಗಳಿದ್ದಂತೆ, ಆಕೆ ಕೇಳಿದ್ದಕ್ಕೆಲ್ಲ ಕಾರ್ಖಾನೆಯ ಬಾಗಿಲು ತೆರೆದಿದೆ, ಇದು ತಾತ್ಯಾಸಾಹೇಬನ ಶಬ್ದ.

ಮುಖ್ಯಸ್ಥೆ ಅಂಗೈಯ ಸಕ್ಕರೆಯನ್ನು ನೋಡಿದರು, ತಿಂದರು. ಆಮೇಲೆ ಲಗಮವ್ವನತ್ತ ತಿರುಗಿ ಮರಾಠಿಯಲ್ಲಿ ಅಂದರು: "ಇವರಿಗೆ ನಿಮ್ಮ ವಿಷಯ ಪೂರ್ತಿ ಗೊತ್ತಿರಬೇಕು. ನಿಮ್ಮ ಭಾಷೆಯಲ್ಲೇ ಹೇಳಿ."

"ಹೇಳವಾ, ತಂಗಿ," ಎಂದರು ತಾತ್ಯಾಸಾಹೇಬರು. "ನೀ ಕನ್ನಡದಾಗ ಹೇಳು, ಬಾಯಿಸಾಹೇಬರಿಗೆ ನಾ ಮರಾಠಿಯೊಳಗ ತಿಳಿಸಿ ಹೇಳ್ತೀನಿ."

ಆ ಕೋಣೆಯಲ್ಲಿ ಕನ್ನಡ ಬರುತ್ತಿದ್ದುದು ಇಬ್ಬರಿಗೇ. ಕಾರ್ಖಾನೆಯ ಏಳಿಗೆ, ರೈತರ ಕಲ್ಯಾಣ ಎಂದು ಎರಡು ಮಾತು ಹೇಳಿ ದಾಟಿಬಿಡಬಹುದಿತ್ತು. ಕಬ್ಬೂ ಕೈಗೆ ಬರುತ್ತಿತ್ತು, ಬಹುಶಃ ಫೆಲೋಶಿಪ್ಪೂ. ತುರಾಯಿ ಬಿಟ್ಟ ಹೊಲದ ಗೊರಗೊರ ಸದ್ದು ಲಗಮವ್ವನ ಕಿವಿಗೆ ಬಂತು. ಹಾಗೆ ದಾಟಿದರೆ ನಾಳೆ ಕಾರ್ಖಾನೆಯಲ್ಲಿ ಕೂತು ಹುಡುಕುವುದಾದರೂ ಏನನ್ನು?

"ನಾಟಿ ಮಾಡಿದ ತಾರೀಖಿನ ಪ್ರಕಾರ ಪ್ರತಿ ರೈತಗ ಒಂದು ಪಾಳಿ ಇರ್ತೈತ್ರಿ, ತಾತ್ಯಾ."

ತಾತ್ಯಾಸಾಹೇಬರು ಭಾಷಣದ ಗತ್ತಿನಲ್ಲಿ ಅದನ್ನು ಮರಾಠಿಗೆ ತಿರುಗಿಸಿದರು.

"ಟೋಳಿ ಆ ಪಾಳಿ ಪ್ರಕಾರ ಹೋಗೂದಿಲ್ರಿ."

ಅದನ್ನೂ ತಿರುಗಿಸಿದರು. ಕೊನೆಯ ಶಬ್ದಕ್ಕೆ ಬರುವಾಗ ಗತ್ತು ಸ್ವಲ್ಪ ಇಳಿದಿತ್ತು.

"ಇಲೆಕ್ಷನ್‌ದಾಗ ಎದುರಿನವರ ಕೂಡ ಅಡ್ಡಾಡಿದವರ ಕಬ್ಬು ತುರಾಯಿ ಬರೂತನಾ ನಿಲ್ತೈತ್ರಿ."

ಜೀಪಿಗೆ ಬ್ರೇಕು ಬಿದ್ದ ಹಾಗೆ ಅವರು ನಿಂತರು. ಮೂರು ಜೊತೆ ಕಣ್ಣುಗಳು ಅನುವಾದಕ್ಕಾಗಿ ಕಾಯುತ್ತಿದ್ದವು. ಬಾಯಲ್ಲಿ ಸಕ್ಕರೆ ಇನ್ನೂ ಪೂರ್ತಿ ಕರಗಿರಲಿಲ್ಲ. ತಾತ್ಯಾಸಾಹೇಬರು ಉಗುಳು ನುಂಗಿ, ಸಣ್ಣ ದನಿಯಲ್ಲಿ, ಒಂದು ಶಬ್ದವನ್ನೂ ಬಿಡದೆ ತಿರುಗಿಸಿದರು. ಒಂದು ಶಬ್ದ ಬಿಟ್ಟಿದ್ದರೂ ಗೊತ್ತಾಗುತ್ತಿತ್ತು, ಲಗಮವ್ವನಿಗೆ ಮರಾಠಿ ಬರುತ್ತಿತ್ತಲ್ಲ.

"ಇದನ್ನ ಯಾರು ಠರಾವ್ ಮಾಡ್ತಾರ ಅನ್ನೂದು ನಾ ಹುಡಕಾಕಿ ಅದೀನ್ರಿ."

"ಹೇ ಕೋಣ್ ಠರವತಂ," ಇದನ್ನು ಯಾರು ನಿರ್ಧರಿಸುತ್ತಾರೆ, ಎಂದು ತಾತ್ಯಾಸಾಹೇಬರು ಹೇಳಿ ಮುಗಿಸಿದರು. ಕೋಣೆಯಲ್ಲಿದ್ದವರೆಲ್ಲ ಅವರನ್ನೇ ನೋಡುತ್ತಿದ್ದರು.

ತಾತ್ಯಾಸಾಹೇಬರು ಟೊಪ್ಪಿಗೆ ಸರಿಮಾಡಿಕೊಂಡು, ಮೀಸೆಯ ಮೇಲಿದ್ದ ಒಂದು ಸಕ್ಕರೆ ಹರಳನ್ನು ಒರೆಸಿ, ನಿಧಾನವಾಗಿ ಮರಾಠಿಯಲ್ಲಿ ಅಂದರು: "ಅದನ್ನು ನಾನೂ ತಿಳಿದುಕೊಳ್ಳಬೇಕೆಂದಿದ್ದೇನೆ."

ಎಡಗಡೆಯ ಪ್ರಾಧ್ಯಾಪಕರಿಗೆ ಕೆಮ್ಮು ಬಂತು. ಮುಖ್ಯಸ್ಥೆ ಮಾತ್ರ ನಗಲಿಲ್ಲ. ಒಪ್ಪಿಗೆಯನ್ನು ಅಲ್ಲೇ ಬರೆಸಿಕೊಂಡು, ಇಬ್ಬರಿಗೂ ಕೇಳುವಂತೆ ಮರಾಠಿಯಲ್ಲಿ ಒಂದು ಷರತ್ತು ಹೇಳಿದರು: ಅಧ್ಯಯನ ಮಾಡುವವಳಾಗಲಿ, ಆಕೆಯ ಮನೆಯವರಾಗಲಿ ಕಾರ್ಖಾನೆಯಿಂದ ಪಾಳಿ ಮೀರಿ ಏನನ್ನೂ ಪಡೆಯಬಾರದು. ಪಡೆದರೆ ಫೆಲೋಶಿಪ್ ಇಲ್ಲ. ಉಳಿದ ನಿರ್ಧಾರ ಅಂಚೆಯಲ್ಲಿ ಬರುತ್ತದೆ.

ಮರಳುವ ದಾರಿಯಲ್ಲಿ ಯಾವ ಊರಿಗೂ ವಿಜಯಗಾಥೆ ಇರಲಿಲ್ಲ. ದ್ರಾಕ್ಷಿ ಬುಟ್ಟಿ ಹೋದ ಹಾಗೆಯೇ ಹಿಂದೆ ಬರುತ್ತಿತ್ತು.

"ಒಳಗ ಏನಂದಿ ಬೇ?" ಎಂದು ಧರೆಪ್ಪ ಪಿಸುಗುಟ್ಟಿದ.

ಲಗಮವ್ವ ಹೇಳಿದಳು. ಧರೆಪ್ಪ ಕಣ್ಣು ಮುಚ್ಚಿದ. ಈ ಸಲ ಘಾಟು ಕಾರಣವಾಗಿರಲಿಲ್ಲ.

"ಕಬ್ಬು ಹೋತು," ಎಂದ ಅವನು, ಸತ್ತವರ ಸುದ್ದಿ ಹೇಳುವ ದನಿಯಲ್ಲಿ.

ತಾತ್ಯಾಸಾಹೇಬರು ಸಂಕೇಶ್ವರದಷ್ಟು ದೂರದಲ್ಲಿ ಕೂತಂತೆ ಮುಂದೆ ಕೂತಿದ್ದರು. ಇಡೀ ದಾರಿಯಲ್ಲಿ ಆಡಿದ್ದು ಒಂದೇ ಮಾತು: "ಹಾಲಸಿದ್ದ, ಸಾವಕಾಶ ಹೊಡಿ."

ಅದಾದ ಮೇಲೆ ಕಾಯುವ ದಿನಗಳು. ಅಂಚೆಯವನು ಮನೆ ದಾಟಿ ಹೋಗುತ್ತಿದ್ದ, ಟೋಳಿಯೂ ಹೊಲ ದಾಟಿ ಹೋಗುತ್ತಿತ್ತು. ಧರೆಪ್ಪನ ಕಬ್ಬಿನ ತುದಿಯಲ್ಲಿ ಅಲ್ಲೊಂದು ಇಲ್ಲೊಂದು ತುರಾಯಿ ಇಣುಕತೊಡಗಿತು. ರುಕ್ಮವ್ವ ಅಥಣಿಯ ವರನ ಹೆಸರೆತ್ತುವುದನ್ನೂ ಬಿಟ್ಟಳು. ಇದರಿಂದ ಲಗಮವ್ವನಿಗೆ ಇನ್ನಷ್ಟು ಹೆದರಿಕೆಯಾಯಿತು.

ಒಂದು ಬೆಳಿಗ್ಗೆ ಆಕೆ ಕಾಲೇಜಿಗೆ ಹೊರಡುವ ಹೊತ್ತಿಗೆ ಹೊಲದ ಕಡೆಯಿಂದ ಕೇಕೆ ಕೇಳಿಸಿತು. ಕುಡುಗೋಲು ಹಿಡಿದ ಇಡೀ ಟೋಳಿ ಬೀಡ ಜಿಲ್ಲೆಯ ಕಡೆಯ ಮರಾಠಿಯಲ್ಲಿ ಹರಟುತ್ತ ಧರೆಪ್ಪನ ಬದುವಿನ ಮೇಲೆ ನಿಂತಿತ್ತು. ಧರೆಪ್ಪ ಟೋಳಿಯ ಮುಖಂಡ ಮುಕಾದಮನ ಕೈ ಹಿಡಿದು ಕುಲುಕುತ್ತಿದ್ದ.

"ತಾತ್ಯಾಸಾಹೇಬ ದೇವರಂಥ ಮನಷ್ಯಾ, ಲಗಮಿ. ಮನಸಿನ್ಯಾಗ ಏನೂ ಇಟ್ಟುಕೊಂಡಿಲ್ಲ."

ಲಗಮವ್ವ ಮುಕಾದಮನನ್ನು ಮರಾಠಿಯಲ್ಲಿ ಕೇಳಿದಳು: "ಇವತ್ತು ಯಾರ ಪಾಳಿ ಇತ್ತು?"

ಮುಕಾದಮ ಕೆಳಗೆ ನೋಡಿದ. ಪಕ್ಕದ ಕಾಳವ್ವನದು ಎಂದ. ರಾತ್ರಿ ಜೀಪು ಬಂದು ಮೊದಲು ಇಲ್ಲಿ ಕಡಿಯಲು ಹೇಳಿತಂತೆ.

ಇದು ಪ್ರೀತಿಯೋ, ಉರುಳೋ? ಒಂದು ಕಬ್ಬು ಬಿದ್ದರೆ ಸಾಕು, ಷರತ್ತು ಮುರಿಯಿತು. ಪುಣೆಗೆ ಗೊತ್ತಾಗುತ್ತಿರಲಿಲ್ಲ ನಿಜ. ತಾತ್ಯಾಸಾಹೇಬರಿಗೆ ಗೊತ್ತಿರುತ್ತಿತ್ತು. ಅವರು ಅದನ್ನು ಅಡಿಕೆಯಂತೆ ಸಂಚಿಯಲ್ಲಿಟ್ಟುಕೊಂಡು ಬೇಕಾದಾಗ ತೆಗೆಯುತ್ತಿದ್ದರು.

"ಹಂಗಾರ ಕಾಳತ್ತಿ ಹೊಲಕ್ಕ ನಡೀರಿ," ಎಂದಳು.

ಧರೆಪ್ಪ ಮಗಳನ್ನು ನೋಡಿದ. "ಹುಚ್ಚು ಹಿಡದೈತೇನ? ಬಾಗಲಕ್ಕ ಬಂದ ಟೋಳಿ ತಿರಗಿಸ್ತಾರೇನ ಯಾರರೆ? ತುರಾಯಿ ಕಾಣಸಾಕತ್ತಾವ, ನೋಡು. ಇವತ್ತ ಹೋದ್ರ ಮತ್ತ ಯಾವಾಗೋ."

"ಪಾಳಿ ಬಂದಾಗ, ಅಪ್ಪಾ."

"ಆ ವರ್ಷ ಬಂದಿತ್ತೇನ ನಮ್ಮ ಪಾಳಿ?"

"ಬರಲಿಲ್ಲ. ಅದಕ್ಕಽ ನಾ ಇದನ್ನೆಲ್ಲಾ ಮಾಡಾಕತ್ತೀನಿ. ಇವತ್ತ ಕಾಳತ್ತಿ ಪಾಳಿ ನಾವು ತಿಂದ್ರ, ಅವರು ನಮ್ಮದು ತಿಂದಿದ್ದನ್ನ ನಾ ಯಾವ ಬಾಯಿಲೆ ಕೇಳಲಿ?"

ಮುಕಾದಮನ ಜನ ಬದುವಿನ ಮೇಲೆ ಕೂತು ತಂಬಾಕು ತಿಕ್ಕತೊಡಗಿದರು. ಖೋತ ಮನೆತನದ ಮಹಾಯುದ್ಧ ಬೇಗ ಮುಗಿಯುವುದಿಲ್ಲವೆಂದು ಅವರಿಗೆ ಅನಿಸಿತ್ತು. ಧರೆಪ್ಪ ತನ್ನ ಕಬ್ಬಿನ ಒಂದು ಗಣಿಕೆಯನ್ನು ಮುರಿದು, ಕೂತು ಜಗಿದು, ಸಿಪ್ಪೆ ಉಗುಳಿದ. ಇನ್ನೂ ರಸವಿತ್ತು. ಬಹಳ ಹೊತ್ತು ಜಗಿದ.

"ಡಾಕ್ಟರ್ ಆಗೂಕಿಂತ ಮೊದಲ ಅಪ್ಪಗ ಇಂಜೆಕ್ಷನ್ ಚುಚ್ಚಿದೆಲ್ಲ ಬೇ," ಎಂದು ಎದ್ದ. ಮುಕಾದಮನ ಕಡೆ ಕೈ ಮಾಡಿದ. "ಬರ್ರಿ, ದಾರಿ ತೋರಿಸ್ತೀನಿ. ಆಕಿ ನಾಯಿ ಭಾಳ ಕೆಟ್ಟದೈತಿ."

ಮಧ್ಯಾಹ್ನಕ್ಕೆ ಬಿಳಿ ಜೀಪು ಬಂತು. ಕಾಳವ್ವನ ಹೊಲದಲ್ಲಿ ಕುಡುಗೋಲುಗಳು ಆಡುತ್ತಿರುವುದನ್ನೂ ಧರೆಪ್ಪನ ಕಬ್ಬು ನೆಟ್ಟಗೆ ನಿಂತಿರುವುದನ್ನೂ ತಾತ್ಯಾಸಾಹೇಬರು ಕೂತಲ್ಲಿಂದಲೇ ನೋಡಿದರು. ಕಾಲೇಜಿಗೆ ಹೋಗದೆ ಉಳಿದಿದ್ದ ಲಗಮವ್ವ ಜೀಪಿನ ಬಳಿ ಬಂದಳು.

"ಯಾಕವಾ ತಂಗಿ, ಟೋಳಿ ತಿರಗಿಸಿದಿ? ನಾ ಪ್ರೀತಿಲೆ ಕಳಿಸಿದ್ನಿ."

"ಅದಕ್ಕ ತಿರಗಿಸಿದ್ನಿರಿ, ತಾತ್ಯಾ. ಕಡಿಸಿದ್ದರ ಮೊದಲನೆ ಪುಟದಾಗ ಅದನ್ನಽ ಬರೀಬೇಕಾಗ್ತಿತ್ತು."

ತಾತ್ಯಾಸಾಹೇಬರು ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡರು. ಹಾಲಸಿದ್ದ ಸ್ಟಿಯರಿಂಗಿನ ಮೇಲಿನ ಧೂಳು ಒರೆಸತೊಡಗಿದ.

"ನನ್ನ ಹೆಸರು ಬರ್ತೈತೇನ ಅದರಾಗ?"

"ಯಾರ ಹೆಸರೂ ಬರೂದಿಲ್ರಿ. ಪಾಳಿ ಮುರದದ್ದು ಅಷ್ಟ ಬರ್ತೈತಿ."

"ಹೆಸರಿಲ್ಲಂದ್ರೂ ಮಂದಿಗೆ ತಿಳೀತೈತಲ್ಲ."

"ಅದು ಮಂದಿಗೆ ಈಗೂ ತಿಳದೈತ್ರಿ, ತಾತ್ಯಾ."

ಮೀಸೆಯ ಕೆಳಗೆ ಏನೋ ಅಲುಗಾಡಿತು. ನಗುವೋ, ಬೈಗಳೋ, ಹೊರಗೆ ಬರಲಿಲ್ಲ. "ಸಕ್ಕರಿ ಬಾಯಾಗ ಹಾಕ್ಕೊಂಡಾಗ ಹಲ್ಲು ನೋವಾತಲೇ ಹಾಲಸಿದ್ದ, ಅವತ್ತ ತಿಳಕೋಬೇಕಿತ್ತು," ಎಂದರು. ಜೀಪು ಹೊರಟುಹೋಯಿತು.

ಅವರು ಟೋಳಿ ಕಳಿಸಿದ್ದು ಪ್ರೀತಿಯಿಂದಲೋ, ಬೇರೆ ಲೆಕ್ಕದಿಂದಲೋ ಎಂಬುದು ಲಗಮವ್ವನಿಗೆ ಎಂದೂ ತಿಳಿಯಲಿಲ್ಲ. ಬಹುಶಃ ಅವರಿಗೂ ತಿಳಿದಿರಲಿಲ್ಲ. ಕೆಲಸ ಮಾಡಿಕೊಟ್ಟು ಕೈಯಲ್ಲಿಟ್ಟುಕೊಳ್ಳುವುದನ್ನು ಅವರು ಜೀವಮಾನವಿಡೀ ಪ್ರೀತಿಯೆಂದೇ ಕರೆದಿದ್ದರು.

ಪುಣೆಯ ಲಕೋಟೆ ಯುಗಾದಿಯ ಹೊತ್ತಿಗೆ ಬಂತು. ಫೆಲೋಶಿಪ್ ಸಿಕ್ಕಿತ್ತು. ಧರೆಪ್ಪನ ಕಬ್ಬೂ ತನ್ನ ಪಾಳಿಯಲ್ಲೇ ಹೋಯಿತು, ತುರಾಯಿ ಬಿಟ್ಟು, ತೂಕದಲ್ಲಿ ತುಸು ಹಗುರಾಗಿ. ಆ ಹಗುರನ್ನು ಧರೆಪ್ಪ ಮುಂದೆ ಅನೇಕ ವರ್ಷ ಬೀಗರಿಗೆಲ್ಲ ವರ್ಣಿಸಿ ಹೇಳಿದ, ಹೇಳಿದಾಗಲೆಲ್ಲ ಅದು ಇನ್ನಷ್ಟು ಹಗುರಾಗುತ್ತಿತ್ತು. ಅಥಣಿಯ ವರ ಬೇರೆ ಕಡೆ ಮದುವೆಯಾದ.

ಲಗಮವ್ವ ದಾಖಲೆ ನೋಡಲು ಕಾರ್ಖಾನೆಗೆ ಹೋದ ಮೊದಲ ದಿನ, ತಾತ್ಯಾಸಾಹೇಬರು ಕೊಟ್ಟ ಮಾತಿನಂತೆ ಒಂದು ಕುರ್ಚಿ, ಒಂದು ಮೇಜು ಹಾಕಿಸಿದ್ದರು. ಶಿಪಾಯಿ ಚಹಾ ತಂದಿಟ್ಟ. ಆಕೆ ಒಂದು ಗುಟುಕು ಕುಡಿದು ಕಪ್ಪು ಕೆಳಗಿಟ್ಟಳು.

"ಯಾಕ್ರಿ ಬಾಯಾರ, ಸಕ್ಕರಿ ಕಡಿಮಿ ಆತೇನ್ರಿ?"

"ನಾಳಿಂದ ಸಕ್ಕರಿ ಹಾಕಬ್ಯಾಡ್ರಿ, ಕಾರ್ಖಾನಿ ಸಕ್ಕರಿ ನನ್ನ ಪಾಳಿದಲ್ಲ," ಎಂದಳು ಲಗಮವ್ವ.

ಸಕ್ಕರೆ ಕಾರ್ಖಾನೆಯಲ್ಲಿ ಅಂಥ ಮಾತನ್ನು ಶಿಪಾಯಿ ಮೊದಲ ಸಲ ಕೇಳಿದ್ದ. ಓಡಿಹೋಗಿ ಚೇರಮನ್ನರಿಗೆ ತಿಳಿಸಿದ. ಮರುದಿನದಿಂದ ಮೂರು ವರ್ಷ, ಆಕೆಯ ಮೇಜಿಗೆ ಸಪ್ಪೆ ಚಹಾ ತಪ್ಪದೆ ಬಂತು. ಆಕೆ ಅದನ್ನು ಮುಖ ಕಿವುಚಿಕೊಂಡು ಕುಡಿದಳು.